ಘಟ್ಟ ಹತ್ತಿದ ಉಪ್ಪುನೀರು

(ಹಾಸನದಲ್ಲಿ ಅಕ್ವೇರಿಯಂ ಆಸಕ್ತರು ಮತ್ತು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ನಮ್ಮ ಮನೆಯ ಹಾಲ್‌ನಲ್ಲಿ ಮೂರು ಅಡಿ ಉದ್ದದ ಒಂದು ಗಾಜಿನ ತೊಟ್ಟಿ ಇದೆ. ಅದರಲ್ಲಿ ಹವಳ ಇಲ್ಲ. ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆ ಇರುವ ಆ ಪ್ರಸಿದ್ಧ ಕ್ಲೌನ್ ಮೀನೂ ಇಲ್ಲ. ನಾಲ್ಕಾರು ಬೂದು ಬಣ್ಣದ ಕಲ್ಲು, ಸ್ವಲ್ಪ ಮರಳು, ಒಂದಿಷ್ಟು ಪಾಚಿ. ಮನೆಗೆ ಬಂದವರು ಮೊದಲು ಹೇಳುವುದು "ಇದರಲ್ಲಿ ಏನೂ ಇಲ್ವಲ್ಲ" ಅಂತ. ನಾನು ಒಂದು ಕುರ್ಚಿ ಎಳೆದು ಅಲ್ಲೇ ಕೂರಿಸುತ್ತೇನೆ. ಐದು ನಿಮಿಷ ಆಗುವಷ್ಟರಲ್ಲಿ ಕಲ್ಲಿನ ಒಂದು ಭಾಗ ನಡೆಯಲು ಶುರು ಮಾಡುತ್ತದೆ. ಅದು ಶಂಖದೊಳಗಿನ ಸನ್ಯಾಸಿ ಏಡಿ. ಇನ್ನೊಂದು ಸಂದಿಯಿಂದ ಎರಡು ಕಣ್ಣು ಹೊರಗೆ ಇಣುಕುತ್ತವೆ. ಅದು ಬೆರಳುದ್ದದ ಬ್ಲೆನ್ನಿ ಮೀನು. ಆಮೇಲೆ ಅವರು ಕಾಫಿ ಆರಿಹೋದರೂ ಏಳುವುದಿಲ್ಲ.

ಈ ತೊಟ್ಟಿಯಲ್ಲಿರುವುದು ಹವಳದ ದಿಬ್ಬವಲ್ಲ, ನಮ್ಮದೇ ಕರಾವಳಿಯ ಕಲ್ಲಹೊಂಡ. ಇಳಿತದ ಹೊತ್ತಿನಲ್ಲಿ ಸಮುದ್ರದ ಬಂಡೆಗಳ ನಡುವೆ ನೀರು ನಿಂತಿರುತ್ತಲ್ಲ, ಅದು. ಹಾಸನದಲ್ಲಿ, ಸಮುದ್ರದಿಂದ ಸುಮಾರು 170 ಕಿಲೋಮೀಟರ್ ದೂರದಲ್ಲಿ ಕೂತು ಮೊದಲ ಸಲ ಉಪ್ಪುನೀರಿನ ಅಕ್ವೇರಿಯಂ ಇಡುವವರು ಈ ಕಲ್ಲಹೊಂಡದಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಹವಳದ ದಿಬ್ಬದ ಜೀವಿಗೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಬಗೆಯ ನೀರು ಬೇಕು. ಶಾಖ ಎರಡು ಡಿಗ್ರಿ ಏರಿದರೂ ಅದಕ್ಕೆ ಕಷ್ಟ. ಕಲ್ಲಹೊಂಡದ ಜೀವಿಯ ಬದುಕೇ ಬೇರೆ. ಬೆಳಿಗ್ಗೆ ಅಲೆಯ ಹೊಡೆತ. ಮಧ್ಯಾಹ್ನ ಇಳಿತ ಬಂದರೆ ಹೊಂಡದ ನೀರು ಬಿಸಿಲಿಗೆ ಬೆಚ್ಚಗಾಗಿ ಆವಿಯಾಗುತ್ತದೆ, ಉಪ್ಪು ಏರುತ್ತದೆ. ಅದೇ ಹೊತ್ತಿಗೆ ಒಂದು ಮಳೆ ಬಿತ್ತು ಅಂದುಕೊಳ್ಳಿ, ಉಪ್ಪು ಸರ್ರನೆ ಇಳಿಯುತ್ತದೆ. ಸಂಜೆ ಮತ್ತೆ ಸಮುದ್ರ ಬಂದು ಮುಚ್ಚುತ್ತದೆ. ಇದನ್ನೆಲ್ಲ ದಿನಾ ತಾಳಿಕೊಳ್ಳುವ ಏಡಿ, ಬಸವನಹುಳು, ಸಣ್ಣ ಮೀನುಗಳು ಹೊಸಬರ ಸಣ್ಣಪುಟ್ಟ ತಪ್ಪುಗಳನ್ನೂ ತಾಳಿಕೊಳ್ಳುತ್ತವೆ. ಹವಳ ತಾಳುವುದಿಲ್ಲ.

ಮೊದಲು ನೀರಿನ ವಿಷಯ. ಎಲ್ಲ ತಾಪತ್ರಯವೂ ಇಲ್ಲೇ ಇರುವುದು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. "ಹಾಗಾದ್ರೆ ಅಂಗಡಿಯಿಂದ ಉಪ್ಪು ತಂದು ಕಲಸಿದರೆ ಆಯ್ತಲ್ಲ" ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೀವು ನೋಡಿರಬಹುದು. ಸಮುದ್ರದ ನೀರನ್ನು ಗದ್ದೆಗೆ ಬಿಟ್ಟು ಬಿಸಿಲಿಗೆ ಇಂಗಿಸುವಾಗ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ ತಳಕ್ಕೆ ಕೂರುತ್ತದೆ. ಅದಾದ ಮೇಲೆ ನಾವು ತಿನ್ನುವ ಉಪ್ಪು. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಇರುತ್ತವೆ. ಅದನ್ನು ಹೊರಗೆ ಬಿಡುತ್ತಾರೆ. ಹೀಗಾಗಿ ಅಡುಗೆಮನೆಯ ಕಲ್ಲುಪ್ಪು ಸಮುದ್ರದಿಂದ ಬಂದಿದ್ದರೂ ಅದರಲ್ಲಿ ಸಮುದ್ರದ ಒಂದು ಪಾಲು ಮಾತ್ರ ಇದೆ. ಏಡಿಗೆ ಹೊಸ ಓಡು ಕಟ್ಟಲು ಕ್ಯಾಲ್ಸಿಯಂ ಬೇಕು, ಬಸವನಹುಳುವಿಗೂ ಬೇಕು. ಬರೀ ಉಪ್ಪಿನಲ್ಲಿ ಅದು ಸಿಗುವುದಿಲ್ಲ.

ಉಳಿದಿರುವುದು ಎರಡು ದಾರಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಸಮುದ್ರದ ಉಪ್ಪಿನ ಮಿಶ್ರಣ ತಂದು ಕಲಸುವುದು ಒಂದು. ಸಮುದ್ರದ ನೀರನ್ನೇ ಕ್ಯಾನುಗಳಲ್ಲಿ ತರುವುದು ಇನ್ನೊಂದು. ನಾನು ಎರಡನ್ನೂ ಮಾಡಿದ್ದೇನೆ. ನೀರನ್ನೇ ತರುವುದಾದರೆ ಮಳೆಗಾಲದಲ್ಲಿ ತರಬೇಡಿ. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಎರಡೂ ನದಿಗಳು ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಜೂನ್ ಆದಮೇಲೆ ಆ ಕಡೆ ದಂಡೆಯ ನೀರು ಕೆಂಪಗೆ, ಸಪ್ಪೆಯಾಗಿ ಇರುತ್ತದೆ. ಜನವರಿಯಿಂದ ಮೇ ಒಳಗೆ, ಅಳಿವೆ ಮತ್ತು ಬಂದರಿನಿಂದ ದೂರ, ತುಂಬು ಉಬ್ಬರ ಇರುವಾಗ ತುಂಬಿಸಿಕೊಳ್ಳಿ. ತಂದ ನೀರನ್ನು ಎರಡು ವಾರ ಕತ್ತಲಲ್ಲಿ, ಗಾಳಿ ಪಂಪ್ ಹಾಕಿ ಇಡಿ. ಅದರಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಸತ್ತು ತಳಕ್ಕೆ ಕೂತಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಿ.

ಮಿಶ್ರಣ ಕಲಸುವವರಿಗೆ ಒಂದು ಮಾತು. ನಲ್ಲಿ ನೀರಲ್ಲಿ ಕ್ಲೋರಿನ್ ಇದೆ. ಬೋರ್‌ವೆಲ್ ನೀರು ಗಡಸು. ಆರ್‌ಒ ನೀರೇ ಸರಿ. ಆದರೆ ಮನೆಯ ಆರ್‌ಒ ಯಂತ್ರಗಳಲ್ಲಿ ಕುಡಿಯುವ ನೀರಿಗೆ ರುಚಿ ಬರಲಿ ಅಂತ ಸ್ವಲ್ಪ ಹಸಿ ನೀರನ್ನು ಮತ್ತೆ ಸೇರಿಸುವ ಒಂದು ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿ ನೀರು ಹಿಡಿದುಕೊಳ್ಳಿ. ನೀರಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಹತ್ತರ ಒಳಗೆ ತೋರಿಸಿದರೆ ನೆಮ್ಮದಿ. ನನ್ನ ತೊಟ್ಟಿ ಮೂರಡಿ ಉದ್ದ, 15 ಇಂಚು ಅಗಲ, 15 ಇಂಚು ಎತ್ತರ. ಕಲ್ಲು, ಮರಳು ಕಳೆದು ಸುಮಾರು 110 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಹತ್ತಿರಹತ್ತಿರ ನಾಲ್ಕು ಕೆಜಿ ಉಪ್ಪು ಬೇಕಾಯಿತು. ಉಪ್ಪನ್ನು ಬಕೆಟ್ಟಿನಲ್ಲಿ ಕಲಸಿ, ಒಂದು ದಿನ ಪಂಪ್ ಹಾಕಿ ತಿರುಗಿಸಿ, ಆಮೇಲೆ ಅಳೆದು ತೊಟ್ಟಿಗೆ ಹಾಕಬೇಕು. ನೀರಿನ ಉಪ್ಪು ಅಳೆಯಲು ರಿಫ್ರ್ಯಾಕ್ಟೋಮೀಟರ್ ಅನ್ನುವ ಉಪಕರಣ ಕೊಂಡುಕೊಳ್ಳಿ. ಮುಳ್ಳು ತಿರುಗುವ ಪ್ಲಾಸ್ಟಿಕ್ ಡಬ್ಬಿಯಂಥದ್ದು ಅಗ್ಗ, ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೂ ಸುಳ್ಳು ಹೇಳುತ್ತದೆ. ಸಾಂದ್ರತೆ 1.025ರ ಆಸುಪಾಸಿನಲ್ಲಿರಲಿ.

ಈಗ ನಾನು ಮಾಡಿದ ದೊಡ್ಡ ತಪ್ಪನ್ನು ಹೇಳಬೇಕು. ನನ್ನ ಮೊದಲ ತೊಟ್ಟಿಗೆ ನೀರು ತುಂಬಿದ ನಾಲ್ಕನೇ ದಿನವೇ ಐದು ಮೀನು ಬಿಟ್ಟೆ. ಮಾರಿದ ಅಂಗಡಿಯವರು "ನೀರು ತಿಳಿ ಇದೆ ಅಲ್ವಾ ಸರ್, ಬಿಡಿ, ಏನೂ ಆಗಲ್ಲ" ಅಂದಿದ್ದರು. ಎರಡನೇ ವಾರ ಮುಗಿಯುವ ಹೊತ್ತಿಗೆ ಐದೂ ಸತ್ತಿದ್ದವು. ಕೊನೆಯದು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಆಡಿಸುತ್ತಾ ಇತ್ತು. ಅದರ ಪಕ್ಕ ರಾತ್ರಿಯೆಲ್ಲ ಕೂತಿದ್ದೆ. ಏನು ಮಾಡಬೇಕು ಅಂತ ಗೊತ್ತಿರಲಿಲ್ಲ.

ಆಗಿದ್ದು ಇಷ್ಟು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಸಮುದ್ರದಲ್ಲಾಗಲಿ, ಹಳೆಯ ತೊಟ್ಟಿಯಲ್ಲಾಗಲಿ ಕಲ್ಲಿನ ಮೈಮೇಲೆ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಡುಕಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಇಲ್ಲ. ಅವು ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಉಪ್ಪುನೀರಲ್ಲಿ ಇನ್ನೊಂದು ತೊಡಕಿದೆ. ಸಮುದ್ರದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಮೇಲೆ ಇರುತ್ತದೆ, ಪಿಎಚ್ ಜಾಸ್ತಿಯಾದಷ್ಟೂ ಅಮೋನಿಯಾದ ವಿಷ ಜಾಸ್ತಿ. ಸಿಹಿನೀರಿನ ಗೋಲ್ಡ್‌ಫಿಶ್ ತಡೆದುಕೊಳ್ಳುವಷ್ಟು ಅಮೋನಿಯಾ ಇಲ್ಲಿ ಕೊಲ್ಲುತ್ತದೆ.

ಈಗ ನಾನು ಮಾಡುವುದು ಹೀಗೆ. ಮೀನಂಗಡಿಯಿಂದ ಒಂದೇ ಒಂದು ಹಸಿ ಸಿಗಡಿ ತಂದು ತೊಟ್ಟಿಗೆ ಹಾಕುತ್ತೇನೆ. ಅದು ಕೊಳೆತು ಅಮೋನಿಯಾ ಬಿಡುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಟೆಸ್ಟ್ ಕಿಟ್ಟಿನಲ್ಲಿ ಎರಡು ದಿನಕ್ಕೊಮ್ಮೆ ನೋಡುತ್ತೇನೆ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೇ ನಿಂತರೆ ಆಗ ಮೊದಲ ಎರಡು ಏಡಿ. ಈ ನಡುವೆ ಗಾಜಿನ ಮೇಲೆ ಕಂದು ಬಣ್ಣದ ಪಾಚಿ ಬರುತ್ತದೆ. ಹೆದರಿ ಉಜ್ಜಿ ತೆಗೆಯಬೇಡಿ, ಅದು ಬಂದು ಹೋಗುವಂಥದ್ದು.

ಬ್ಯಾಕ್ಟೀರಿಯಾಕ್ಕೆ ಮನೆ ಬೇಕು, ಆ ಮನೆ ಕಲ್ಲು. ನಮ್ಮ ಕಡೆಯ ಕಗ್ಗಲ್ಲು ನೀರಿಗೆ ಏನೂ ಮಾಡುವುದಿಲ್ಲ, ಆದರೆ ಅದರಲ್ಲಿ ರಂಧ್ರಗಳೇ ಇಲ್ಲ. ಕರಾವಳಿಯ ಮುರಕಲ್ಲಿನಲ್ಲಿ ರಂಧ್ರ ಇದೆ, ಆದರೆ ಅದು ಕಬ್ಬಿಣ ತುಂಬಿದ ಕಲ್ಲು, ನೀರಲ್ಲಿ ಮಣ್ಣು ಬಿಡುತ್ತದೆ. ಹೊರದೇಶಗಳಲ್ಲಿ ಹವಳದ ಹಳೆಯ ತುಂಡುಗಳನ್ನು ಬಳಸುತ್ತಾರೆ. ಇಲ್ಲಿ ಅದನ್ನು ಮುಟ್ಟಲೇಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಾದ ಷೆಡ್ಯೂಲ್ 1ಕ್ಕೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಿದ್ದಾರೆ. ಸಮುದ್ರ ಕುದುರೆ, ಸಮುದ್ರ ಸೌತೆ ಇವಕ್ಕೂ ಕಾಯ್ದೆಯ ರಕ್ಷಣೆ ಇದೆ. ಷೆಡ್ಯೂಲ್ 1ರ ಪ್ರಾಣಿಯ ವಿಷಯದಲ್ಲಿ ತಪ್ಪಿದರೆ ಕನಿಷ್ಠ ಮೂರು ವರ್ಷ ಜೈಲು. "ಸತ್ತ ಹವಳ ಸರ್, ದಡದಲ್ಲಿ ಬಿದ್ದಿತ್ತು" ಅಂತ ಯಾರಾದರೂ ಮಾರಲು ಬಂದರೂ ಬೇಡ ಅನ್ನಿ.

ನಾನು ಕಲ್ಲನ್ನು ಮನೆಯಲ್ಲೇ ಮಾಡಿದೆ. ಕರಾವಳಿಯ ಊಟದಲ್ಲಿ ಮರುವಾಯಿ ತಿಂದು ಚಿಪ್ಪು ಎಸೆಯುತ್ತಾರಲ್ಲ, ಆ ಚಿಪ್ಪುಗಳನ್ನು ಒಂದು ಚೀಲ ತಂದು, ಕುದಿಸಿ, ಒಣಗಿಸಿ, ಒರಳಲ್ಲಿ ಜಜ್ಜಿದೆ. ಮೂರು ಪಾಲು ಚಿಪ್ಪಿನ ಚೂರಿಗೆ ಒಂದು ಪಾಲು ಸಿಮೆಂಟು, ಜೊತೆಗೆ ಒಂದಿಷ್ಟು ಕಲ್ಲುಪ್ಪು. ನೀರು ಕಡಿಮೆ ಹಾಕಿ ಉದುರುದುರಾಗಿ ಕಲಸಿ, ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಅದರೊಳಗೆ ಒತ್ತಿದೆ. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಉಪ್ಪಿನ ಹರಳುಗಳು ಕರಗಿಹೋಗಿ ಆ ಜಾಗದಲ್ಲಿ ತೂತು ಉಳಿಯುತ್ತದೆ. ಸಿಮೆಂಟಿನ ಕ್ಷಾರ ಇಳಿಯಲು ಎರಡು ತಿಂಗಳು ಡ್ರಮ್ಮಿನಲ್ಲಿ ನೆನೆಸಿ, ವಾರಕ್ಕೊಮ್ಮೆ ನೀರು ಬದಲಿಸುತ್ತಿದ್ದೆ. ಕಾಯುವುದು ಬೇಸರವೇ. ಆದರೆ ಈಗ ಆ ಕಲ್ಲುಗಳ ಮೇಲೆ ಗುಲಾಬಿ ಬಣ್ಣದ ಪಾಚಿ ಹಬ್ಬಿದೆ, ಯಾರೂ ಅದನ್ನು ಸಿಮೆಂಟು ಅನ್ನುವುದಿಲ್ಲ.

ಇನ್ನು ಸಮುದ್ರದಿಂದ ಜೀವಿಗಳನ್ನು ತರುವ ಮಾತು. ನೀವೆಲ್ಲ ಇದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನಗಳಲ್ಲಿ ಇಳಿತ ತುಂಬಾ ಕೆಳಗೆ ಹೋಗುತ್ತದೆ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವೇಳಾಪಟ್ಟಿ ನೋಡಿಕೊಂಡು, ಪೂರ್ತಿ ಇಳಿಯುವ ಒಂದು ಗಂಟೆ ಮೊದಲೇ ಬಂಡೆಯ ಹತ್ತಿರ ಇರಬೇಕು. ನೀರು ತಿರುಗಿತು ಅಂತ ಗೊತ್ತಾದ ಕೂಡಲೇ ಹೊರಡಬೇಕು. ಅಲೆಗೆ ಬೆನ್ನು ಹಾಕಿ ಬಗ್ಗಬೇಡಿ. ಬರಿಗಾಲು ಬೇಡ, ಬಂಡೆಗೆ ಅಂಟಿಕೊಂಡಿರುವ ಬಾರ್ನಕಲ್ ಅನ್ನುವ ಜೀವಿಯ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಶಂಕುವಿನ ಆಕಾರದ ಚೆಂದದ ಬಸವನಹುಳು ಸಿಕ್ಕರೆ ಮುಟ್ಟಬೇಡಿ, ಅವುಗಳಲ್ಲಿ ವಿಷದ ಮುಳ್ಳು ಇರುತ್ತದೆ. ಮಳೆಗಾಲದಲ್ಲಂತೂ ಬಂಡೆಯ ಮೇಲೆ ಕಾಲಿಡುವ ಮಾತೇ ಬೇಡ.

ಮೊದಲ ಸಲ ಹೋದಾಗ ಕಲ್ಲುಗಳನ್ನು ಎತ್ತಿ ಎತ್ತಿ ನೋಡುತ್ತಾ, ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದೆ. ಬಲೆ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ಒಬ್ಬ ಹಿರಿಯ ಮೀನುಗಾರರು ನಿಂತು ನೋಡಿದರು.

"ಎಂತ ಹುಡುಕುದು ಮಾರಾಯ್ರೆ?"

"ಸಣ್ಣ ಏಡಿ ಯಜಮಾನ್ರೆ, ಮನೇಲಿ ಸಾಕೋಕೆ."

"ಹುಡುಕಿ. ಆದ್ರೆ ಮಗುಚಿದ ಕಲ್ಲು ತಿರುಗಿ ಹಾಗೇ ಇಡ್ಬೇಕು. ಅದ್ರ ಅಡಿಯಲ್ಲಿ ಒಂದು ಊರೇ ಉಂಟು."

ಅವರೇ ಬಗ್ಗಿ ನಾನು ಮಗುಚಿದ್ದ ಒಂದು ಕಲ್ಲನ್ನು ತೋರಿಸಿದರು. ಅದರ ಹೊಟ್ಟೆಯ ತುಂಬ ಕಿತ್ತಳೆ ಬಣ್ಣದ ಸ್ಪಂಜು, ಸುರುಳಿ ಸುತ್ತಿದ ಹುಳುಗಳ ಬಿಳಿ ಕೊಳವೆ, ಯಾವುದೋ ಬಸವನಹುಳು ಇಟ್ಟ ಮೊಟ್ಟೆಗಳ ಸಾಲು. ಎಲ್ಲ ಬಿಸಿಲಿಗೆ ಬಿದ್ದಿದ್ದವು. ಹಿಂದೆ ಹೋಗಿ ಒಂದೊಂದೇ ಕಲ್ಲನ್ನು ಮೊದಲಿದ್ದ ಹಾಗೆ ಮಗುಚಿ ಇಟ್ಟು ಬಂದೆ. ಆವತ್ತು ಏನನ್ನೂ ತರಲಿಲ್ಲ.

ನಾನು ತರುವುದು ಇಷ್ಟೇ: ಕೆಲವು ಸನ್ಯಾಸಿ ಏಡಿ, ಪಾಚಿ ತಿನ್ನುವ ಬಸವನಹುಳು, ಒಂದು ಬ್ಲೆನ್ನಿ ಅಥವಾ ಗೋಬಿ ಮೀನು. ಒಂದು ಹೊಂಡದಿಂದ ಎರಡಕ್ಕಿಂತ ಜಾಸ್ತಿ ಇಲ್ಲ. ಹಳದಿ ಬೆನ್ನಿನ ಮೇಲೆ ಐದು ಕಪ್ಪು ಪಟ್ಟೆ ಇರುವ ಸಾರ್ಜೆಂಟ್ ಮೇಜರ್ ಮರಿಗಳು ಹೊಂಡಗಳಲ್ಲಿ ಕಾಣುತ್ತವೆ. ಮುದ್ದಾಗಿರುತ್ತವೆ, ಆಸೆಯಾಗುತ್ತದೆ. ಆದರೆ ಅವು ಗೇಣುದ್ದ ಬೆಳೆದು ತೊಟ್ಟಿಯಲ್ಲಿ ಉಳಿದವರನ್ನೆಲ್ಲ ಅಟ್ಟಾಡಿಸುತ್ತವೆ. ಬಿಟ್ಟುಬನ್ನಿ. ಖಾಲಿ ಶಂಖಗಳನ್ನು ಚೀಲದ ತುಂಬ ಬಾಚಿಕೊಂಡು ಬರಬೇಡಿ, ದಡದಲ್ಲಿ ಉಳಿದ ಏಡಿಗಳಿಗೆ ಅದೇ ಮುಂದಿನ ಮನೆ. ಕಾಪು ಲೈಟ್‌ಹೌಸ್ ಬುಡದ ಬಂಡೆಗಳನ್ನು, ನೇತ್ರಾಣಿ ದ್ವೀಪದ ಹವಳವನ್ನು, ಮಲ್ಪೆಯ ಆಚೆಗಿನ ಸೇಂಟ್ ಮೇರೀಸ್ ದ್ವೀಪವನ್ನು ನೋಡಲು ಹೋಗಿ. ಆದರೆ ಅಲ್ಲಿಂದ ಏನನ್ನೂ ತರಬೇಡಿ. ಅಷ್ಟು ಜನ ಬಂದುಹೋಗುವ ಜಾಗದಲ್ಲಿ ಎಲ್ಲರೂ ಒಂದೊಂದು ಎತ್ತಿಕೊಂಡರೆ ಉಳಿಯುವುದೇನು?

ಇದು ಬರೀ ನನ್ನ ಹೆದರಿಕೆ ಅಲ್ಲ, ಹಿಂದೆ ಆಗಿದೆ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಅನ್ನುವ ಪ್ರಕೃತಿ ತಜ್ಞರು ಮನೆಯಲ್ಲಿ ಸಮುದ್ರದ ತೊಟ್ಟಿ ಇಡುವುದು ಹೇಗೆ ಅಂತ ಬಣ್ಣದ ಚಿತ್ರಗಳ ಸಮೇತ ಬರೆದರು. ಇಂಗ್ಲೆಂಡಿನ ಜನಕ್ಕೆ ಹುಚ್ಚು ಹಿಡಿಯಿತು. ಬುಟ್ಟಿ, ಉಳಿ ಹಿಡಿದುಕೊಂಡು ಡೆವನ್ ಕರಾವಳಿಗೆ ಇಳಿದರು. ಅರ್ಧ ಶತಮಾನದ ಮೇಲೆ ಗಾಸ್ ಅವರ ಮಗ ಎಡ್ಮಂಡ್ ಬರೆಯುವಾಗ, ತಾನು ಬಾಲ್ಯದಲ್ಲಿ ಅಪ್ಪನ ಜೊತೆ ನೋಡಿದ್ದ ಆ ಹೊಂಡಗಳು ಬರಿದಾಗಿ ಹೋದದ್ದನ್ನು ನೆನೆದು ನೊಂದುಕೊಳ್ಳುತ್ತಾರೆ. ಗಾಸ್ ಸಮುದ್ರವನ್ನು ತುಂಬಾ ಪ್ರೀತಿಸುತ್ತಿದ್ದವರು. ಅವರ ಪ್ರೀತಿ ಓದಿದವರಿಗೂ ಹತ್ತಿತು. ಇವತ್ತು ಇಲ್ಲಿ ನಿಂತು ನಿಮಗೆ ಇದನ್ನೆಲ್ಲ ಹೇಳುವಾಗ ನನಗೆ ಅದೇ ನೆನಪಾಗುತ್ತದೆ. ಅದಕ್ಕೇ ಎರಡು, ಬರೀ ಎರಡು ಅಂತ ಒತ್ತಿ ಹೇಳುತ್ತಿದ್ದೇನೆ.

ಬಣ್ಣದ ಮೀನು ಬೇಕೇ ಬೇಕು ಅನ್ನುವವರು ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನನ್ನೇ ಕೇಳಿ ಪಡೆಯಿರಿ. ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದೆ. ಅಂಥ ಮರಿ ಹುಟ್ಟಿನಿಂದ ಗಾಜಿನೊಳಗೇ ಬೆಳೆದದ್ದು, ಒಣ ಆಹಾರ ತಿನ್ನುತ್ತದೆ.

ತಂದ ಜೀವಿಗಳು ಘಟ್ಟ ಹತ್ತಬೇಕಲ್ಲ. ಏಡಿ, ಬಸವನಹುಳುಗಳಿಗೆ ನೀರು ತುಂಬಿದ ಬಕೆಟ್ ಬೇಡ. ಸಮುದ್ರದ ನೀರಲ್ಲಿ ಅದ್ದಿದ ಬಟ್ಟೆ ಅಥವಾ ಪಾಚಿಯ ನಡುವೆ, ಥರ್ಮಾಕೋಲ್ ಡಬ್ಬಿಯಲ್ಲಿ ಇಟ್ಟರೆ ಹಾಸನ ತಲುಪುವವರೆಗೆ ಚೆನ್ನಾಗಿರುತ್ತವೆ. ಮೀನಿಗೆ ಮುಚ್ಚಳ ಇರುವ ಬಕೆಟ್, ಬ್ಯಾಟರಿಯ ಗಾಳಿ ಪಂಪ್. ಶಿರಾಡಿಯಲ್ಲಿ ಲಾರಿ ಕೆಟ್ಟು ನಿಂತರೆ ಎಷ್ಟು ಹೊತ್ತು ಅಂತ ಹೇಳಲಾಗದು. ಒಮ್ಮೆ ಸಕಲೇಶಪುರ ಸೇರುವಷ್ಟರಲ್ಲೇ ರಾತ್ರಿಯಾಗಿತ್ತು. ಬ್ಯಾಟರಿ ಸೆಲ್ ಇನ್ನೊಂದು ಜೊತೆ ಜೇಬಲ್ಲಿರಲಿ. ಮನೆಗೆ ಬಂದ ಕೂಡಲೇ ತೊಟ್ಟಿಗೆ ಸುರಿಯಬಾರದು. ತೊಟ್ಟಿಯ ನೀರನ್ನು ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ಬಕೆಟ್ಟಿಗೆ ಬಿಡುತ್ತಾ ಒಂದು ಗಂಟೆ ಹೊಂದಿಸಬೇಕು.

ಊರಿನ ಹವೆ ನಮ್ಮ ಪರವಾಗಿದೆ. ಹಾಸನವನ್ನು ಬಡವರ ಊಟಿ ಅಂತಾರೆ. ಬೇರೆ ಊರುಗಳಲ್ಲಿ ನೀರು ತಣ್ಣಗಿಡಲು ದುಬಾರಿ ಚಿಲ್ಲರ್ ಬೇಕು, ನಮಗೆ ಏಪ್ರಿಲ್‌ನಲ್ಲೂ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಸಾಕು. ಚಳಿಗಾಲದ ರಾತ್ರಿಗೆ ಮಾತ್ರ ಹೀಟರ್ ಬೇಕು. ನನ್ನದನ್ನು 26 ಡಿಗ್ರಿಗೆ ಇಟ್ಟಿದ್ದೇನೆ. ಫ್ಯಾನ್ ಹಾಕಿದರೆ ದಿನಕ್ಕೆ ಒಂದೆರಡು ಲೀಟರ್ ನೀರು ಆರುತ್ತದೆ. ಸಾರು ಕುದಿಕುದಿದು ಬತ್ತಿದರೆ ಉಪ್ಪಾಗುತ್ತದಲ್ಲ, ಹಾಗೇ. ನೀರು ಆರಿದೆ, ಉಪ್ಪು ಅಲ್ಲೇ ಇದೆ. ಅದಕ್ಕೇ ಕಡಿಮೆಯಾದಷ್ಟು ಜಾಗಕ್ಕೆ ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಬೇಕು. ಉಪ್ಪುನೀರು ಹಾಕಿ ಹಾಕಿ ತೊಟ್ಟಿ ಕೆಡಿಸಿಕೊಂಡವರನ್ನು ನೋಡಿದ್ದೇನೆ.

ಎರಡು ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಾಯಿಸಿದರೆ ಸಾಕು. ತೆಗೆದ ನೀರನ್ನು ಎಲ್ಲಿ ಚೆಲ್ಲುವುದು ಅಂತ ಮುಂದಿನ ಸಾಲಿನವರು ಕೇಳಿದರು. ಒಳ್ಳೆಯ ಪ್ರಶ್ನೆ. ನಾನು ಮೊದಮೊದಲು ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದೆ. ಅಮ್ಮ ಹದಿನೈದು ವರ್ಷ ಬೆಳೆಸಿದ ಗಿಡ ಎರಡು ತಿಂಗಳಲ್ಲಿ ಎಲೆ ಉದುರಿಸಿ ಒಣಗಿತು. ಗಿಡಕ್ಕೂ ಬೇಡ, ಕೆರೆಗೂ ಬೇಡ. ಬಚ್ಚಲಿಗೆ ಹಾಕಿ, ಮೇಲೆ ಒಂದೆರಡು ಬಕೆಟ್ ನೀರು ಬಿಡಿ. ಇನ್ನೊಬ್ಬರು ಕೇಳಿದ್ದು, ಸಾಕಾದ ಮೀನನ್ನು ವಾಪಸ್ ಸಮುದ್ರಕ್ಕೆ ಬಿಡಬಹುದಾ ಅಂತ. ಅಂಗಡಿ ಮೀನಿನ ಜೊತೆ ಒಂದೇ ನೀರಲ್ಲಿ ಇದ್ದದ್ದನ್ನು ಬಿಡಲೇಬಾರದು, ಎಲ್ಲಿಯದೋ ರೋಗ ಇಲ್ಲಿಯ ದಂಡೆಗೆ ಹೋಗುತ್ತದೆ. ಸಾಕುವ ಇನ್ನೊಬ್ಬರಿಗೆ ಕೊಡಿ.

ಕೊನೆಯದಾಗಿ ಒಂದು ರಾತ್ರಿ ನೋಡಿದ್ದನ್ನು ಹೇಳುತ್ತೇನೆ. ಜುಲೈ ತಿಂಗಳು, ಜೋರು ಮಳೆ, ಕರೆಂಟ್ ಇಲ್ಲ. ಬ್ಯಾಟರಿ ಪಂಪ್ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಟಾರ್ಚ್ ಹಿಡಿದು ಹೋದೆ. ದೊಡ್ಡ ಸನ್ಯಾಸಿ ಏಡಿ ನಾನು ಇಟ್ಟಿದ್ದ ಖಾಲಿ ಶಂಖದ ಮುಂದೆ ನಿಂತಿತ್ತು. ಕಾಲುಗಳಿಂದ ಶಂಖದ ಬಾಯಿಯ ಅಂಚನ್ನು ಸುತ್ತಲೂ ತಡವಿತು. ಕೊಂಡಿಯನ್ನು ಒಳಗೆ ಹಾಕಿ ಆಳ ನೋಡಿತು. ಶಂಖವನ್ನು ಉರುಳಿಸಿ ಒಳಗಿದ್ದ ಮರಳನ್ನು ಚೆಲ್ಲಿತು. ಮತ್ತೆ ತಡವಿತು. ಹತ್ತು ನಿಮಿಷ ಹೀಗೇ. ಆಮೇಲೆ ಒಂದೇ ಕ್ಷಣ, ಹಳೆಯ ಶಂಖದಿಂದ ಮೈ ಹೊರಗೆ ಬಂತು. ಸುರುಳಿ ಸುತ್ತಿದ, ಓಡಿಲ್ಲದ, ನಸುಗೆಂಪು ಹೊಟ್ಟೆ. ಹಿಂದುಹಿಂದಾಗಿ ಹೊಸ ಶಂಖದೊಳಗೆ ಸೇರಿಕೊಂಡಿತು. ಸೇರಿಕೊಂಡ ಮೇಲೂ ಹಳೆಯದನ್ನು ಬಿಡಲಿಲ್ಲ. ಒಂದು ಕಾಲಲ್ಲಿ ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಇತ್ತು.

ತೊಟ್ಟಿ ನೋಡಬೇಕು ಅನ್ನುವವರು ಭಾನುವಾರ ಮನೆಗೆ ಬನ್ನಿ, ಆದರೆ ರಾತ್ರಿ ಎಂಟರ ಮೇಲೆ. ದೀಪ ಆರಿಸಿದಮೇಲೇ ಅವು ಹೊರಗೆ ಬರುವುದು. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು ಬನ್ನಿ, ಆ ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ.